ಕಂಡದ್ದು, ಕೇಳಿದ್ದು ಮತ್ತು ನಂಬಿದ್ದು



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪತ್ರಿಕೋದ್ಯಮ ವಿಷಯದಲ್ಲಿ ಸಂಶೋಧನೆ ಕೈಗೊಂಡಿದ್ದಾಳೆ. ತನ್ನ ಪ್ರಬಂಧದ ಕನ್ನಡವನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡು ಒಂದೊಂದೇ ಅಧ್ಯಾಯವನ್ನು ಕಳುಹಿಸುತ್ತಿದ್ದಾಳೆ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುತ್ತ ತಿದ್ದುತ್ತ ನಾನು ವಿಷಯದ ಒಳಕ್ಕೇ ಇಳಿದುಬಿಟ್ಟೆ. ಆಕೆ ಸೂಚಿಸಿದ ಪುಸ್ತಕಗಳನ್ನೂ ತರಿಸಿಕೊಂಡು ಓದಿದೆ. ನಿವೃತ್ತನಿಗೆ ಹೊತ್ತಿಗೇನು ಬರ! ಓದುತ್ತಿದ್ದಂತೆ ನನ್ನ ವೃತ್ತಿಜೀವನದ ಮೊದಲ ದಿನಗಳ ಕೆಲವು ಸಂಗತಿಗಳು ಬೇರೆಯೇ ಬೆಳಕಿನಲ್ಲಿ ಕಾಣತೊಡಗಿದವು. ಅವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿ ಈ ಬರಹ.

ಸುದ್ದಿಮಾಧ್ಯಮಗಳ ಕುರಿತು ನಾವೆಲ್ಲ ಆಡುವ ಮಾತು ಸಾಮಾನ್ಯವಾಗಿ ಒಂದೇ. ಟೀವಿ ಜನರನ್ನು ಕೆಡಿಸಿತು, ಮೊಬೈಲು ಮಕ್ಕಳನ್ನು ಹಾಳುಮಾಡಿತು, ಪತ್ರಿಕೆ ಬರೆದದ್ದನ್ನು ಜನ ಕಣ್ಣುಮುಚ್ಚಿ ನಂಬುತ್ತಾರೆ, ಹೀಗೆ. ಇಲ್ಲಿ 'ಜನ' ಎಂದರೆ ಯಾವಾಗಲೂ ನಮ್ಮನ್ನು ಬಿಟ್ಟು ಉಳಿದವರು ಎಂಬುದನ್ನು ಗಮನಿಸಬೇಕು. ಆದರೆ ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಕಂಡುಕೊಂಡದ್ದು ಅಷ್ಟು ಸರಳವಾಗಿಲ್ಲ. ಎಲಿಹು ಕಾಟ್ಜ್ ಎಂಬ ವಿದ್ವಾಂಸರು, ಮಾಧ್ಯಮವು ಜನರಿಗೆ ಏನು ಮಾಡುತ್ತದೆ ಎಂದು ಕೇಳುವುದರ ಜೊತೆಗೆ ಜನರು ಮಾಧ್ಯಮವನ್ನು ಏನು ಮಾಡುತ್ತಾರೆ ಎಂದೂ ಕೇಳಬೇಕೆಂದು 1959ರಲ್ಲಿಯೇ ಹೇಳಿದ್ದರು. ಪ್ರಶ್ನೆ ಚಿಕ್ಕದು, ಆದರೆ ಅದು ಇಡೀ ಚಿತ್ರವನ್ನೇ ತಿರುಗಿಸಿ ನಿಲ್ಲಿಸುತ್ತದೆ.

ಈ ಶಾಸ್ತ್ರದ ಪುಸ್ತಕಗಳಲ್ಲೆಲ್ಲ ತಪ್ಪದೆ ಬರುವ ಒಂದು ಪ್ರಕರಣವಿದೆ. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿ.ಬಿ.ಎಸ್. ಆಕಾಶವಾಣಿ ಜಾಲದಲ್ಲಿ ಆರ್ಸನ್ ವೆಲ್ಸ್ ಎಂಬ ತರುಣ ನಟ ಒಂದು ನಾಟಕವನ್ನು ಪ್ರಸಾರ ಮಾಡಿದ. ಎಚ್.ಜಿ. ವೆಲ್ಸರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯ ರೂಪಾಂತರವದು. ಮಂಗಳಗ್ರಹದ ಜೀವಿಗಳು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಊರಿಗೆ ಬಂದಿಳಿದರೆಂದು, ನಡುನಡುವೆ ವಾರ್ತೆಯನ್ನು ಓದುವ ಧಾಟಿಯಲ್ಲಿ ಆ ನಾಟಕವನ್ನು ರಚಿಸಲಾಗಿತ್ತು. ಮರುದಿನದ ಪತ್ರಿಕೆಗಳು, ದೇಶವೇ ಭಯಗೊಂಡು ಬೀದಿಗೆ ಬಂದಿತೆಂದು ದಪ್ಪಕ್ಷರಗಳಲ್ಲಿ ಬರೆದವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯಾಡ್ಲಿ ಕ್ಯಾಂಟ್ರಿಲ್ ತಮ್ಮ ಸಹೋದ್ಯೋಗಿಗಳೊಡನೆ 135 ಮಂದಿಯನ್ನು ವಿವರವಾಗಿ ಮಾತನಾಡಿಸಿ 1940ರಲ್ಲಿ ಒಂದು ಗ್ರಂಥವನ್ನು ಹೊರತಂದರು.

ಅವರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹೆದರಿದವರು ಯಾರು ಎಂಬುದಷ್ಟೇ ಅಲ್ಲ, ಹೆದರದೆ ಉಳಿದವರು ಏನು ಮಾಡಿದರು ಎಂದೂ ಅವರು ವಿಚಾರಿಸಿದರು. ಕೆಲವರು ಬೇರೆ ಕೇಂದ್ರಕ್ಕೆ ತಿರುಗಿಸಿ ಅಲ್ಲಿಯೂ ಇದೇ ಸುದ್ದಿ ಬರುತ್ತಿದೆಯೇ ಎಂದು ನೋಡಿದರು. ಕೆಲವರು ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಾರ್ಯಕ್ರಮ ಪಟ್ಟಿಯನ್ನು ತೆರೆದು ನೋಡಿ, ಇದು ನಾಟಕವೆಂದು ತಿಳಿದು ಸುಮ್ಮನಾದರು. ಇನ್ನು ಕೆಲವರು ಪರೀಕ್ಷಿಸಿದರೂ ಫಲವಾಗಲಿಲ್ಲ. ಕಿಟಕಿಯಿಂದ ಇಣುಕಿ ಬೀದಿಯಲ್ಲಿ ವಾಹನಗಳ ಸಾಲನ್ನು ಕಂಡ ಒಬ್ಬರು, ಜನ ಊರು ಬಿಟ್ಟು ಓಡುತ್ತಿದ್ದಾರೆ ಎಂದುಕೊಂಡರು. ಖಾಲಿ ಬೀದಿಯನ್ನು ಕಂಡ ಇನ್ನೊಬ್ಬರು, ರಸ್ತೆಗಳು ನಾಶವಾಗಿರಬೇಕು, ಅದಕ್ಕೇ ವಾಹನಗಳಿಲ್ಲ ಎಂದುಕೊಂಡರು! ಮನಸ್ಸು ಮೊದಲೇ ನಂಬಿಬಿಟ್ಟಿದ್ದರೆ ಕಣ್ಣು ಕಂಡದ್ದೆಲ್ಲ ಅದಕ್ಕೇ ಸಾಕ್ಷಿಯಾಗುತ್ತದೆ. ನಮ್ಮ ಹಿರಿಯರು 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದದ್ದು ಸುಮ್ಮನೆ ಅಲ್ಲ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಆ ರಾತ್ರಿ ದೇಶವೇ ತಲ್ಲಣಿಸಿತೆಂಬ ಮಾತೇ ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದು ಜೆಫರ್ಸನ್ ಪೂಲಿ ಮತ್ತು ಮೈಕೇಲ್ ಸೊಕೊಲೊ ಎಂಬ ಇತಿಹಾಸಕಾರರು 2013ರಲ್ಲಿ ವಾದಿಸಿದರು. ಅದೇ ರಾತ್ರಿ ಸುಮಾರು 5,000 ಮನೆಗಳಿಗೆ ದೂರವಾಣಿ ಮಾಡಿ ನಡೆಸಿದ ಸಮೀಕ್ಷೆಯಲ್ಲಿ ಆ ನಾಟಕವನ್ನು ಕೇಳುತ್ತಿದ್ದೇವೆಂದವರು ಶೇಕಡಾ 2ರಷ್ಟು ಮಾತ್ರ. ಹಾಗಾದರೆ ಪತ್ರಿಕೆಗಳು ಹಾಗೇಕೆ ಬರೆದವು? ಆ ದಶಕದಲ್ಲಿ ಆಕಾಶವಾಣಿಯು ಪತ್ರಿಕೆಗಳ ಜಾಹೀರಾತಿನ ಆದಾಯವನ್ನು ಕಸಿದುಕೊಳ್ಳುತ್ತಿತ್ತು. ಹೊಸ ಮಾಧ್ಯಮವು ನಂಬಿಕೆಗೆ ಅರ್ಹವಲ್ಲವೆಂದು ತೋರಿಸಲು ಹಳೆಯ ಮಾಧ್ಯಮಕ್ಕೆ ಒಳ್ಳೆಯ ಅವಕಾಶ ಒದಗಿತು. ಜನ ಮೂಢರಂತೆ ನಂಬಿದರು ಎಂಬ ಸುದ್ದಿಯನ್ನೇ ಓದುಗರೂ ವಿದ್ವಾಂಸರೂ ಎಷ್ಟೋ ವರ್ಷ ನಂಬಿಕೊಂಡು ಬಂದದ್ದು ಎಂಥ ವಿನೋದ, ನೋಡಿ!

ಇನ್ನು ನಮ್ಮ ನೆಲದ ಮಾತಿಗೆ ಬರುತ್ತೇನೆ. ನನ್ನ ಬಳಿ ಕಲಿತ ಹಿರಿಯರಿಗೆ ಇದು ಗೊತ್ತು, ಕಿರಿಯರಿಗಾಗಿ ಹೇಳುತ್ತಿದ್ದೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಭಾರತದಲ್ಲಿ 'ಸೈಟ್' ಎಂಬ ಒಂದು ಪ್ರಯೋಗ ನಡೆಯಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲುಪಿಸುವ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆಯು ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ಬಳಕೆಗೆ ಕೊಟ್ಟಿತ್ತು. ಇಸ್ರೊ ಸಂಸ್ಥೆ ಇದರ ಹೊಣೆ ಹೊತ್ತಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಳ್ಳಲಾಗಿತ್ತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ ದೊರೆಯಿತು. ಬೆಂಗಳೂರಿನ ಸಿರಿವಂತರ ಮನೆಗಳಲ್ಲಿಯೂ ಟೀವಿ ಇಲ್ಲದ ಕಾಲದಲ್ಲಿ ನಮ್ಮ ಎರೆಹೊಲಗಳ ನಡುವಿನ ಕುಗ್ರಾಮಗಳಿಗೆ ಟೀವಿ ಬಂದಿತೆಂದರೆ ಇಂದಿನವರು ನಂಬಲಾರರು.

ರಾಯಚೂರು ಜಿಲ್ಲೆಯ ಅಂಥದೊಂದು ಹಳ್ಳಿಯಲ್ಲಿ ನಾನಾಗ ಶಿಕ್ಷಕ. ನೌಕರಿಗೆ ಸೇರಿ ಒಂದು ವರ್ಷವಾಗಿತ್ತಷ್ಟೆ. ಕೋಳಿಗೂಡಿಗೆ ಬಳಸುವ ತಂತಿಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಕೊಡೆಯಂಥ ಆಂಟೆನಾವನ್ನು ಶಾಲೆಯ ಬಳಿ ನಿಲ್ಲಿಸಿದರು. ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ ತಯಾರಿಸಿದ ಟೀವಿಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ನನ್ನ ಜುಬ್ಬಾದ ಕಿಸೆಯಲ್ಲಿ. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ಊರಿನವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಅದೇ ಅಕ್ಟೋಬರ್ ರಜೆಯಲ್ಲಿ ಆರೂ ರಾಜ್ಯಗಳ ಸುಮಾರು 24,000 ಶಿಕ್ಷಕರಿಗೆ ಟೀವಿಯ ಮೂಲಕವೇ ಹನ್ನೆರಡು ದಿನಗಳ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಅವರಲ್ಲಿ ನಾನೂ ಒಬ್ಬ.

ಮೊದಮೊದಲು ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಸೇರುತ್ತಿತ್ತು. ಕಂಬಳಿ ಹಾಸಿಕೊಂಡು ಮಕ್ಕಳು ಮುಂದೆ, ಹೆಣ್ಣುಮಕ್ಕಳು ಒಂದು ಬದಿಗೆ, ಗಂಡಸರು ಕಟ್ಟೆಯ ಮೇಲೆ. ಕೆಲವು ವಾರಗಳಲ್ಲಿ ಜನಸಂದಣಿ ಇಳಿಯಿತು. ಇದು ನಮ್ಮೂರಿನ ಕಥೆ ಮಾತ್ರವಲ್ಲ. ಎಲ್ಲ ಕಡೆಯೂ ಹೀಗೆಯೇ ಆಯಿತೆಂದು ಮುಂದೆ ಪ್ರಕಟವಾದ ವರದಿಗಳು ಹೇಳುತ್ತವೆ. ಬೆರಗು ಇಳಿದ ಮೇಲೆ ಉಳಿದವರು ನಿಜವಾದ ಪ್ರೇಕ್ಷಕರು.

ಅವರು ನೋಡುತ್ತಿದ್ದ ರೀತಿಯನ್ನು ಹೇಳಬೇಕು. ಯಾರೂ ಬಾಯಿ ಮುಚ್ಚಿಕೊಂಡು ನೋಡುತ್ತಿರಲಿಲ್ಲ. ಒಂದು ಸಂಜೆ ರಸಗೊಬ್ಬರದ ಬಗೆಗೆ ಅಧಿಕಾರಿಯೊಬ್ಬರು ಬಹಳ ಸೊಗಸಾಗಿ ವಿವರಿಸುತ್ತಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ವೃದ್ಧ ರೈತರು ನನ್ನ ಕಡೆಗೆ ತಿರುಗಿ, "ಮಾಸ್ತರ್ರ, ಆ ಪೆಟಿಗ್ಯಾಗಿನ ಸಾಹೇಬ್ರು ನಮ್ಮ ಹೊಲ ಯಾವಾಗ ನೋಡ್ಯಾರ್ರೀ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ನೀರಾವರಿ ಇದ್ದವರಿಗೆ ಅದು ಸರಿ, ಮಳೆಯನ್ನೇ ನಂಬಿದ ಒಣಹೊಲಕ್ಕೆ ಅದನ್ನು ಸುರಿದರೆ ಏನಾದೀತು ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಪೆಟ್ಟಿಗೆಯೊಳಗಿನವರು ಅಷ್ಟರಲ್ಲಿ ಹಾಡು ಹೇಳತೊಡಗಿದ್ದರು, ಕೇಳುವವರಿರಲಿಲ್ಲ. ಒಬ್ಬ ಬಾಣಂತಿಯ ಅತ್ತೆಯಂತೂ, ಕೂಸಿಗೆ ಮೊದಲ ಹಾಲು ಕುಡಿಸಬೇಕೆಂದು ಟೀವಿಯಲ್ಲಿ ಹೇಳಿದ್ದನ್ನು ಮೂರು ದಿನ ಬಿಡದೆ ಊರ ಸೂಲಗಿತ್ತಿಯೊಡನೆ ವಾದಿಸಿ, ಆಕೆಯೂ ಒಪ್ಪಿದ ಮೇಲೆಯೇ ಸಮಾಧಾನಗೊಂಡರು. ಟೀವಿ ಹೇಳಿತು, ಆದರೆ ಒಪ್ಪಿಗೆ ಕೊಟ್ಟವಳು ಸೂಲಗಿತ್ತಿ.

ಈ ಸಂಗತಿಗೆ ವಿದ್ವಾಂಸರು ಆಗಲೇ ಹೆಸರಿಟ್ಟಿದ್ದರೆಂದು ನನಗೆ ತಿಳಿದದ್ದು ಈಗ! ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಾಲದಲ್ಲಿ ಒಹಾಯೊ ರಾಜ್ಯದ ಈರೀ ಕೌಂಟಿಯಲ್ಲಿ 600 ಮತದಾರರನ್ನು ಆರಿಸಿಕೊಂಡು, ಮೇ ತಿಂಗಳಿಂದ ನವೆಂಬರ್ ವರೆಗೆ ಮತ್ತೆ ಮತ್ತೆ ಭೇಟಿಯಾದರು. ಪತ್ರಿಕೆ ಮತ್ತು ಆಕಾಶವಾಣಿಯ ಪ್ರಚಾರವು ಮತದಾರರ ಮನಸ್ಸನ್ನು ಹೇಗೆ ತಿರುಗಿಸುತ್ತದೆಂದು ಅಳೆಯುವುದು ಉದ್ದೇಶ. ಆದರೆ ಪ್ರಚಾರದಿಂದ ಪಕ್ಷ ಬದಲಿಸಿದವರು ತೀರ ಕಡಿಮೆ. ಹಾಗೆ ಬದಲಿಸಿದವರು ಪತ್ರಿಕೆಗಿಂತಲೂ ಹೆಚ್ಚಾಗಿ ನೆರೆಯವರ, ಮನೆಯವರ, ಜೊತೆಗೆ ದುಡಿಯುವವರ ಮಾತನ್ನು ಹೆಸರಿಸಿದರು. ಸುದ್ದಿಯು ಮೊದಲು ಊರಿನ ಕೆಲವು ಆಸಕ್ತರನ್ನು ತಲುಪುತ್ತದೆ, ಅವರಿಂದ ಉಳಿದವರಿಗೆ ಹರಿಯುತ್ತದೆ ಎಂಬುದು ಅವರ ತೀರ್ಮಾನ. ಇದನ್ನು 'ಎರಡು ಹಂತದ ಹರಿವು' ಎನ್ನುತ್ತಾರೆ. ಮುಂದೆ ಇಲಿನಾಯ್ ರಾಜ್ಯದ ಡಿಕೇಟರ್ ಪಟ್ಟಣದ 800 ಸ್ತ್ರೀಯರನ್ನು ಮಾತನಾಡಿಸಿ, ಕಾಟ್ಜ್ ಮತ್ತು ಲಾಜರ್ಸ್‌ಫೆಲ್ಡ್ 1955ರಲ್ಲಿ ಇದನ್ನೇ ಇನ್ನಷ್ಟು ವಿಸ್ತರಿಸಿ ಬರೆದರು. ಅಲ್ಲಿ ಅವರು ಕಂಡದ್ದೇನೆಂದರೆ, ಈ ಮಾರ್ಗದರ್ಶಕರು ಸಿರಿವಂತರೋ ಪದವೀಧರರೋ ಆಗಬೇಕಾಗಿಲ್ಲ. ಒಂದೊಂದು ವಿಷಯಕ್ಕೆ ಒಬ್ಬೊಬ್ಬರು. ನಮ್ಮೂರಿನಲ್ಲಿ ಗೊಬ್ಬರಕ್ಕೆ ಆ ವೃದ್ಧರು, ಕೂಸಿಗೆ ಸೂಲಗಿತ್ತಿ ಇದ್ದ ಹಾಗೆ.

'ಸೈಟ್' ಪ್ರಯೋಗದ ಹೆಗ್ಗಳಿಕೆಯೆಂದರೆ, ಅದರ ಪರಿಣಾಮವನ್ನು ಅಳೆಯಲು ಮೊದಲಿನಿಂದಲೇ ವ್ಯವಸ್ಥೆ ಮಾಡಿದ್ದು. ಬಿನೋದ್ ಅಗ್ರವಾಲ್ ಎಂಬ ಮಾನವಶಾಸ್ತ್ರಜ್ಞರ ನೇತೃತ್ವದಲ್ಲಿ ಕೆಲವು ಸಂಶೋಧಕರು ಆಯ್ದ ಹಳ್ಳಿಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ವಾಸಿಸಿ, ಜನ ಏನು ನೋಡಿದರು, ಏನು ಮಾತನಾಡಿದರು, ಏನು ಮರೆತರು ಎಂದು ಬರೆದಿಟ್ಟರು. ಬೇರೆ ತಂಡಗಳು ಟೀವಿ ಇದ್ದ ಹಳ್ಳಿಗಳನ್ನು ಇಲ್ಲದ ಹಳ್ಳಿಗಳೊಡನೆ ಹೋಲಿಸಿ ನೋಡಿದವು. ಆರೋಗ್ಯ, ಕುಟುಂಬ ಯೋಜನೆಯಂಥ ವಿಷಯಗಳಲ್ಲಿ ಹೆಚ್ಚು ತಿಳಿವಳಿಕೆ ಪಡೆದವರು ಅಕ್ಷರಸ್ಥರಲ್ಲ, ನಿರಕ್ಷರಿಗಳು, ಗಂಡಸರಿಗಿಂತ ಹೆಂಗಸರು. ಪತ್ರಿಕೆಯನ್ನೂ ರೇಡಿಯೋವನ್ನೂ ಎಂದೂ ಬಳಸದಿದ್ದ ಎಷ್ಟೋ ಮಂದಿಗೆ ಅದೇ ಮೊದಲ ಮಾಧ್ಯಮ. ಇನ್ನು ಮಕ್ಕಳ ವಿಷಯ. ಟೀವಿ ಬಂದರೆ ಶಾಲೆಯ ಹಾಜರಿ ಏರುತ್ತದೆಂದು ಎಲ್ಲರೂ ಆಶಿಸಿದ್ದರು, ಏರಲಿಲ್ಲ. ಸುಗ್ಗಿಯ ಕಾಲಕ್ಕೆ ಮಗು ಹೊಲಕ್ಕೆ ಹೋಗಲೇಬೇಕಾದ ಮನೆಗೆ ಟೀವಿ ಏನು ತಾನೆ ಮಾಡೀತು? ಆದರೆ ಮಕ್ಕಳ ಮಾತು ಬೆಳೆಯಿತು, ಕುತೂಹಲ ಹೆಚ್ಚಿತು ಎಂದು ವರದಿ ಹೇಳುತ್ತದೆ. ನಾನೂ ಕಂಡಿದ್ದೇನೆ. ಮೂಲೆಯಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಮಕ್ಕಳು "ಅದ್ಯಾಕ್ರೀ ಸರ, ಹಂಗ?" ಎಂದು ಕೇಳತೊಡಗಿದ್ದು ಆ ವರ್ಷವೇ.

ಆ ವರ್ಷ ಬೇರೊಂದು ಕಾರಣಕ್ಕೂ ನೆನಪಿನಲ್ಲಿದೆ. ಪ್ರಯೋಗ ಆರಂಭವಾಗುವುದಕ್ಕೆ ಐದು ವಾರ ಮೊದಲು, ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಪತ್ರಿಕೆಗಳಿಗೆ ಪರಿಶೀಲನೆಯ ಕತ್ತರಿ. ಆಕಾಶವಾಣಿ, ದೂರದರ್ಶನಗಳು ಸರಕಾರದವು. ಇಪ್ಪತ್ತೊಂದು ತಿಂಗಳು ದೇಶದ ಮೂಲೆಮೂಲೆಗೂ ಒಂದೇ ಬಗೆಯ ಹೊಗಳಿಕೆ ತಲುಪಿತು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಏನಾಯಿತು? ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54 ಸ್ಥಾನಗಳಲ್ಲಿ ಆಳುವ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ನಮ್ಮ ಕರ್ನಾಟಕದ 28 ಸ್ಥಾನಗಳಲ್ಲಿ ಅದೇ ಪಕ್ಷ 26ನ್ನು ಗೆದ್ದಿತು. ಕೇಳಿದ ಹೊಗಳಿಕೆ ಒಂದೇ, ತೀರ್ಪು ಎರಡು. ಉತ್ತರದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆಯ ನೋವನ್ನು ಜನ ಮೈಯಲ್ಲಿ ಉಂಡಿದ್ದರು. ಆ ಅನುಭವದ ಮುಂದೆ ರೇಡಿಯೋದ ಮಾತು ನಿಲ್ಲಲಿಲ್ಲ. ಇಲ್ಲಿನ ಅನುಭವ ಬೇರೆಯಾಗಿತ್ತು. ಮಾಧ್ಯಮವನ್ನು ಕೈಯಲ್ಲಿ ಹಿಡಿದವನು ಜನರ ಮನಸ್ಸನ್ನೂ ಹಿಡಿದಿದ್ದಾನೆ ಎನ್ನುವವರು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಇಷ್ಟು ಓದಿ, 'ಹಾಗಾದರೆ ಭಯವಿಲ್ಲ, ಜನ ಜಾಣರು' ಎಂದು ನೀವು ನಿರಾಳವಾಗುವಂತಿಲ್ಲ. ನೆರೆಯವರ ಮಾತಿಗೆ ಮಾಧ್ಯಮಕ್ಕಿಂತ ಹೆಚ್ಚು ಬಲವಿದೆಯೆಂದರೆ, ನೆರೆಯವರ ಮಾತೇ ಕೆಟ್ಟಾಗ ಗತಿಯೇನು?

2018ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪಿನಲ್ಲಿ ಹಬ್ಬಿತು. ಅದರೊಂದಿಗೆ ಒಂದು ವೀಡಿಯೊ. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗೆಗೆ ಎಚ್ಚರ ಮೂಡಿಸಲು ತೆಗೆದ ಕಿರುಚಿತ್ರ. ಅದರಲ್ಲಿ ಮಗುವನ್ನು ಮತ್ತೆ ತಂದು ಬಿಡುತ್ತಾರೆ, ಎಚ್ಚರಿಕೆಯ ಮಾತನ್ನೂ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಯಬಿಟ್ಟಿದ್ದರು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಕಾರಣಕ್ಕೆ ಸಂದೇಹಗೊಂಡ ಗುಂಪು ಹೈದರಾಬಾದಿನ ಒಬ್ಬ ತರುಣನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕಿತು.

ಆ ವೀಡಿಯೊ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಳಗಕ್ಕೂ ಬಂದಿತ್ತು. ಕಳುಹಿಸಿದವರ ಹೆಸರು ಹೇಳುವುದಿಲ್ಲ. ಒಳ್ಳೆಯ ಹುದ್ದೆಯಲ್ಲಿದ್ದು ನಿವೃತ್ತರಾದವರು, ಮೊಮ್ಮಕ್ಕಳ ಮೇಲೆ ಜೀವ ಇಟ್ಟುಕೊಂಡವರು. ಆ ಬಳಗದಲ್ಲಿ ಅವರದೇ ತರಗತಿಯ ಇನ್ನೊಬ್ಬ ಇದ್ದಾನೆ. ಊರೂರು ತಿರುಗಿ ಚಾದರ, ಕಂಬಳಿ ಮಾರಿ ಜೀವನ ಸಾಗಿಸುವವನು. ಆ ವಾರ ಅವನು ನನಗೆ ಕರೆ ಮಾಡಿದ. "ಸರ, ಹದಿನೈದು ದಿನದಿಂದ ಗಂಟು ಬಿಚ್ಚಿಲ್ರಿ. ಹಳ್ಳಿಗೆ ಹೋದ್ರ ಕೂಸು ಒಳಗ ಕರಕೊಂಡು ಬಾಗಿಲಾ ಹಾಕ್ತಾರ್ರಿ. ಇಪ್ಪತ್ತು ವರ್ಷದಿಂದ ನನ್ನ ಕಡೆ ಚಾದರ ಕೊಂಡವ್ರs ಹಂಗ ಮಾಡ್ತಾರ್ರಿ" ಎಂದ. ದೂರು ಹೇಳುವ ಧಾಟಿಯಿರಲಿಲ್ಲ, ನಾಚಿಕೆಯ ಧಾಟಿಯಿತ್ತು. ತಾನೇನೋ ಮಾಡಿದ್ದೇನೆಂಬಂತೆ. ಒಂದೇ ಬೆಂಚಿನ ಮೇಲೆ ಕುಳಿತು ಮಗ್ಗಿ ಹೇಳಿದ ಇಬ್ಬರು. ಒಬ್ಬರ ಕೈಬೆರಳಿನ ಒಂದು ಒತ್ತು ಇನ್ನೊಬ್ಬನ ಅನ್ನಕ್ಕೆ ಸಂಚಕಾರವಾಗಿತ್ತು. ಇಬ್ಬರಲ್ಲಿಯೂ ಕೆಟ್ಟ ಉದ್ದೇಶವಿರಲಿಲ್ಲ.

ಲಂಡನ್ನಿನ ಎಲ್.ಎಸ್.ಇ. ವಿದ್ಯಾಸಂಸ್ಥೆಯ ಶಕುಂತಲಾ ಬನಾಜಿ ಮತ್ತು ರಾಮ್ ಭಟ್ ಹಾಗೂ ಅವರ ಸಂಗಡಿಗರು ಇಂಥ ವದಂತಿಗಳ ಬಗೆಗೇ ಅಧ್ಯಯನ ನಡೆಸಿ 2019ರಲ್ಲಿ ವರದಿ ಪ್ರಕಟಿಸಿದರು. ಅವರು ಜನರನ್ನು ಮಾತನಾಡಿಸಿದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸುಳ್ಳು ಸುದ್ದಿ ಹರಡುವುದಕ್ಕೆ ಅನಕ್ಷರತೆಯೋ ಮೊಬೈಲು ಬಳಕೆಯ ಅಜ್ಞಾನವೋ ಮುಖ್ಯ ಕಾರಣವಲ್ಲ ಎನ್ನುತ್ತದೆ ವರದಿ. ಕಳುಹಿಸುವವರು ಬಹುಪಾಲು ತಿಳಿದವರೇ, ಅನುಕೂಲಸ್ಥರೇ. ಪರರ ಬಗೆಗೆ, ಪರಜಾತಿ ಪರಧರ್ಮದವರ ಬಗೆಗೆ, ಅಲೆದಾಡಿ ಬದುಕುವ ಬಡವರ ಬಗೆಗೆ ಮನಸ್ಸಿನಲ್ಲಿ ಮೊದಲೇ ಕುಳಿತ ಸಂದೇಹವೇ ಆ ಸಂದೇಶಗಳಿಗೆ ಎಣ್ಣೆ. ಜೊತೆಗೆ, ಕಳುಹಿಸಿದವರು ನಮ್ಮ ಅಣ್ಣನೋ ಚಿಕ್ಕಪ್ಪನೋ ಗುರುಗಳೋ ಆಗಿರುವುದರಿಂದ ಸುಳ್ಳಿರಲಾರದೆಂಬ ಭರವಸೆ. ನಾಲ್ಕು ಜನರನ್ನು ಎಚ್ಚರಿಸುವುದು ನನ್ನ ಕರ್ತವ್ಯವೆಂಬ ಭಾವನೆ. ಈರೀ ಕೌಂಟಿಯಲ್ಲಿ 1940ರಲ್ಲಿ ಕಂಡ ಎರಡು ಹಂತದ ಹರಿವು ಇದೇ ಅಲ್ಲವೆ? ನಮ್ಮೂರಿನ ಸೂಲಗಿತ್ತಿ ಇದ್ದ ಸ್ಥಾನದಲ್ಲಿ ಈಗ ನೀವಿದ್ದೀರಿ, ನಾನಿದ್ದೇನೆ. ಆಕೆ ಒಪ್ಪಿಗೆ ಕೊಡಲು ಮೂರು ದಿನ ತೆಗೆದುಕೊಂಡಳು. ನಮಗೆ ಮೂರು ಕ್ಷಣವೂ ಬೇಕಾಗುವುದಿಲ್ಲ.

ನಿಮ್ಮಲ್ಲಿ ಕೆಲವರು ಈಗ ವೈದ್ಯರು, ಕೆಲವರು ಅಭಿಯಂತರರು, ಇಬ್ಬರು ಪತ್ರಕರ್ತರೂ ಇದ್ದೀರಿ. ನಿಮ್ಮ ನಿಮ್ಮ ಮನೆತನದ ಬಳಗದಲ್ಲಿ ನಿಮ್ಮ ಮಾತಿಗೆ ತೂಕವಿದೆ. ನೀವು ಕಳುಹಿಸಿದ್ದನ್ನು ಊರಿನಲ್ಲಿರುವ ನಿಮ್ಮ ದೊಡ್ಡಮ್ಮ, 'ನಮ್ಮ ಹುಡುಗ ಕಳಿಸ್ಯಾನ' ಎಂಬ ಒಂದೇ ಕಾರಣಕ್ಕೆ ನಂಬುತ್ತಾರೆ. ಆದುದರಿಂದ, ಹಳೆಯ ಮಾಸ್ತರನ ಸಲುಗೆಯಿಂದ ಒಂದು ಮನೆಗೆಲಸ ಕೊಡುತ್ತೇನೆ. ಏನನ್ನಾದರೂ ಮುಂದಕ್ಕೆ ಕಳುಹಿಸುವ ಮೊದಲು, ಇದನ್ನು ನಂಬಬೇಕೆಂದು ನನ್ನ ಮನಸ್ಸು ಏಕೆ ಇಷ್ಟು ಆತುರಪಡುತ್ತಿದೆ ಎಂದು ಕೇಳಿಕೊಳ್ಳಿ. ಬಳಿಕ, ಇದು ಸುಳ್ಳಾದರೆ ಯಾರ ಅನ್ನಕ್ಕೆ ಕುತ್ತು ಬರುತ್ತದೆಂದು ಯೋಚಿಸಿ. ಅವರು ನಿಮ್ಮದೇ ತರಗತಿಯವರೂ ಆಗಿರಬಹುದು. ಕೊನೆಗೆ, ಬೇರೊಂದು ಕೇಂದ್ರಕ್ಕೆ ತಿರುಗಿಸಿ ನೋಡಿ. ಹತ್ತಿರದ ಪೊಲೀಸ್ ಠಾಣೆಗೆ ಒಂದು ಕರೆ, ಇನ್ನೊಂದು ಪತ್ರಿಕೆಯ ಮೇಲೆ ಒಂದು ಕಣ್ಣು ಸಾಕಾಗುತ್ತದೆ.

ಅಂದು ಬಳಗದಲ್ಲಿ ನಾನು ಯಾರನ್ನೂ ಗದರಿಸಲಿಲ್ಲ. ಆ ಚಾದರದ ವ್ಯಾಪಾರಿಯನ್ನು, ಅವನು ಕಂಡದ್ದನ್ನು ತಾನೇ ಬಳಗದಲ್ಲಿ ಹೇಳುವಂತೆ ಒಪ್ಪಿಸಿದೆ. ಅವನು ಬರೆಯಲಿಲ್ಲ, ಎರಡು ನಿಮಿಷದ ಧ್ವನಿಮುದ್ರಣ ಕಳುಹಿಸಿದ. ವೀಡಿಯೊ ಕಳುಹಿಸಿದ್ದ ಹಿರಿಯ ಗೆಳೆಯರು ಬಳಗದಲ್ಲಿ ಏನೂ ಉತ್ತರಿಸಲಿಲ್ಲ. ಮರುದಿನ ಅವನ ಮನೆ ಹುಡುಕಿಕೊಂಡು ಹೋಗಿ ನಾಲ್ಕು ಚಾದರ ಕೊಂಡುಬಂದರೆಂದು ಆಮೇಲೆ ತಿಳಿಯಿತು. ಮುಂದಿನ ವಾರ ಅವನೊಡನೆ ಎರಡು ಹಳ್ಳಿಗಳಿಗೂ ಹೋಗಿ, 'ಇವನು ನನ್ನ ಜೊತೆ ಕಲಿತವನು' ಎಂದು ಕಟ್ಟೆಯ ಮೇಲೆ ಕುಳಿತು ಹೇಳಿ ಬಂದರಂತೆ.

ನಿಮ್ಮ ನಿಮ್ಮ ಊರುಗಳಲ್ಲಿ ಇಂಥ ಅನುಭವಗಳು ಆಗಿದ್ದರೆ ನನಗೆ ಬರೆದು ತಿಳಿಸಿ. 1975ರ ಆ ಟೀವಿಯ ಮುಂದೆ ಕುಳಿತಿದ್ದ ನೆನಪು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ತಪ್ಪದೆ ಬರೆಯಿರಿ. ಸಂಶೋಧನೆ ಮಾಡುತ್ತಿರುವ ನಮ್ಮ ಹುಡುಗಿಗೆ ಅದರಿಂದ ಉಪಕಾರವಾದೀತು. ಎಲ್ಲರಿಗೂ ಶುಭವಾಗಲಿ.